ಫೈಲುಗಳಿಗೆ ಬಾಲ ಬಂದ ಸೋಮವಾರ

ಪಾಲಖಿ, ಅಂದರೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಸಂತರ ಪಾದುಕೆಗಳ ಪಲ್ಲಕ್ಕಿ, ಊರಿಗೆ ಬಂದರೆ ಪುಣೆಯಲ್ಲಿ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ. ಆಳಂದಿಯಿಂದ ಜ್ಞಾನೇಶ್ವರರದು, ದೇಹೂನಿಂದ ತುಕಾರಾಮರದು, ಎರಡೂ ಬಂದು ಪೇಠೆಗಳಲ್ಲಿ ತಂಗುತ್ತವೆ. ಲಕ್ಷಾಂತರ ವಾರಕರಿಗಳು, ಅರ್ಧ ಊರಿನ ರಸ್ತೆ ಬಂದ್. 2024ರಲ್ಲಿ ಪಾಲಖಿ ಬಂದದ್ದು ಭಾನುವಾರ. ಸೋಮವಾರ ನಮ್ಮ ಕಾಲೇಜಿಗೂ ರಜೆ ಕೊಟ್ಟಿದ್ದರು. ಕರ್ವೆನಗರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಎಂಟು ಇಪ್ಪತ್ತಕ್ಕೆ ಫೋನ್ ಬಂತು.

"ಮೇಡಮ್ಮಾರ, ಫೈಲಿಗೆಲ್ಲಾ ಬಾಲ ಬಂದಾವರೀ."

ಮಾತಾಡಿದ್ದು ನಮ್ಮ ಲ್ಯಾಬಿನ ಮಾಮಾ. ಇಲ್ಲಿನ ಕಾಲೇಜುಗಳಲ್ಲಿ ಸಿಪಾಯಿಗಳನ್ನು, ಲ್ಯಾಬಿನ ಸಹಾಯಕರನ್ನು ಎಲ್ಲರೂ ಮಾಮಾ ಅಂತಲೇ ಕರೆಯುತ್ತಾರೆ. ಈ ಮಾಮಾ ಅಕ್ಕಲಕೋಟೆ ತಾಲೂಕಿನವರು. ಮಹಾರಾಷ್ಟ್ರದಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದವರು. ನಾನು ಧಾರವಾಡದವಳು ಅಂತ ಗೊತ್ತಾದ ದಿನದಿಂದ ನನ್ನ ಜೊತೆ ಮರಾಠಿ ಮಾತಾಡುವುದನ್ನು ಬಿಟ್ಟಿದ್ದಾರೆ. ಕ್ಯಾಂಪಸ್ಸಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಮನೆ. ರಜೆಯಲ್ಲೂ ಬೆಳಿಗ್ಗೆ ಒಂದು ಸುತ್ತು ಹಾಕಿ ಎಸಿ, ಯುಪಿಎಸ್ ನೋಡಿ ಬರುವುದು ಅವರ ಅಭ್ಯಾಸ.

"ಬಾಲ ಅಂದ್ರ?"

"ಹೆಸರಿನ ಮುಂದ ಚುಕ್ಕಿ ಇಟ್ಟು ಏನೋ ಹತ್ತೇತ್ರೀ. ಲೈಬ್ರರಿ ಮಿಶನ್‌ನಾಗೂ ಹಂಗ, ಸರ್ವರ್‌ನಾಗೂ ಹಂಗ. ಒಂದ್ ಚೀಟಿನೂ ಇಟ್ಟಾರ."

ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ರಾನ್ಸಮ್‌ವೇರ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಫೈಲುಗಳನ್ನು ಗುಪ್ತಲಿಪಿಗೆ ತಿರುಗಿಸಿ ಕೀಲಿಗೆ ಹಣ ಕೇಳುವ ಕುತಂತ್ರಾಂಶ, ಐದು ಅಂಕ. ಆದರೆ ಆ ಕ್ಷಣದಲ್ಲಿ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗೆ ಬಿದ್ದದ್ದು ಮಾತ್ರ ನೆನಪಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸೈಬರ್ ತಜ್ಞೆ ಅಲ್ಲ. ಕಲಿಸುವುದು ಡೇಟಾಬೇಸ್. ಕಾಲೇಜುಗಳಲ್ಲಿ ಇನ್‌ಚಾರ್ಜ್ ಅನ್ನುವ ಒಂದು ಪದ್ಧತಿ ಇದೆ. ಒಬ್ಬರು ಗ್ರಂಥಾಲಯದ ಇನ್‌ಚಾರ್ಜ್, ಒಬ್ಬರು ಗಣೇಶೋತ್ಸವದ ಇನ್‌ಚಾರ್ಜ್. ನನ್ನ ಪಾಲಿಗೆ ನೆಟ್‌ವರ್ಕ್ ಬಂದಿತ್ತು. ವಾರಕ್ಕೆ ಹದಿನಾರು ತಾಸು ಪಾಠ, ಉಳಿದ ಸಮಯದಲ್ಲಿ ಎಂಟುನೂರು ಕಂಪ್ಯೂಟರುಗಳ ಕಾವಲು. ಬಹುತೇಕ ಕಾಲೇಜುಗಳ ಕಥೆ ಇದೇ ಅಲ್ವಾ? ಇಷ್ಟೇ ಸಂಖ್ಯೆಯ ಕಂಪ್ಯೂಟರ್ ಇರುವ ಕಂಪನಿಯಲ್ಲಿ ಈ ಕೆಲಸಕ್ಕೇ ಅಂತ ಒಂದು ತಂಡ ಇರುತ್ತದೆ. ಹೊರಗಿನವರನ್ನು ತಡೆಯುವ ಫೈರ್‌ವಾಲಿನ ಲೈಸೆನ್ಸ್ ಮಾರ್ಚಿನಲ್ಲಿ ಮುಗಿದಾಗ ನಾನು ಕಳಿಸಿದ ನೋಟ್‌ಶೀಟ್ ಇನ್ನೂ ಯಾವುದೋ ಟೇಬಲ್ಲಿನ ಮೇಲೆ ಇತ್ತು.

ಮಾಮಾಗೆ "ಏನೂ ಮುಟ್ಟಬ್ಯಾಡ್ರಿ" ಅಂತ ಹೇಳಿ ಹಿಂಜವಡಿಯ ಹುಡುಗನಿಗೆ ಫೋನ್ ಮಾಡಿದೆ. ಹಾಸನದವನು. ಒಂದು ಕಂಪನಿಯಲ್ಲಿ ಇಂಥ ದಾಳಿಗಳಾದಾಗ ಓಡಿಹೋಗುವ ತಂಡದಲ್ಲಿ ಕೆಲಸ. ಒಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕ ಕೂತು ಪರಿಚಯವಾಗಿದ್ದ. ಅವನು ಕೇಳಿದ ಮೊದಲ ಪ್ರಶ್ನೆ, "ಅಕ್ಕ, ಯಾರಾದ್ರೂ ಆಫ್ ಮಾಡಿದ್ರಾ?"

"ಇಲ್ಲ ತಮ್ಮಾ."

"ಮಾಡಬೇಡಿ. ನೆಟ್‌ವರ್ಕ್ ಕೇಬಲ್ ಮಾತ್ರ ಕೀಳಿಸಿ. ಎಲ್ಲಾದೂ. ಮಿಷನ್ ಆನ್ ಇರಲಿ."

ಹರಡುವುದನ್ನು ನಿಲ್ಲಿಸುವುದಕ್ಕೆ ಕೇಬಲ್ ಕೀಳಬೇಕು. ಆದರೆ ಕಂಪ್ಯೂಟರ್ ಆರಿಸಿದರೆ ಅದರ ತಾತ್ಕಾಲಿಕ ಮೆಮೊರಿಯಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ. ದಾಳಿ ಮಾಡಿದ ಪ್ರೋಗ್ರಾಂ ಯಾವುದು, ಯಾರ ಜೊತೆ ಮಾತಾಡುತ್ತಿತ್ತು ಅನ್ನುವ ಗುರುತು ಅಲ್ಲೇ ಸಿಗುವುದು. ಪುಸ್ತಕದಲ್ಲಿ ಓದಿದ್ದೆ. ಆದರೂ ಅವನು ಹೇಳದಿದ್ದರೆ ನಾನು ಖಂಡಿತ ಮೇನ್ ಸ್ವಿಚ್ಚೇ ಆರಿಸಿಸುತ್ತಿದ್ದೆ. ಮಾಮಾ ಸರ್ವರ್ ರೂಮಿಗೆ ಹೋಗಿ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆಯಿಂದ ಒಂದೊಂದೇ ನೀಲಿ ಕೇಬಲ್ ಕಿತ್ತರು. ಹೂವು ಕಿತ್ತ ಹಾಗೆ ಕಿತ್ತು ಒಂದು ಬುಟ್ಟಿಯಲ್ಲಿ ಹಾಕಿಟ್ಟಿದ್ದರು, ಆಮೇಲೆ ನೋಡಿದೆ. ಯಾವುದು ಎಲ್ಲಿಯದು ಅಂತ ಹುಡುಕಲು ನಮಗೆ ಎರಡು ದಿನ ಹಿಡಿಯಿತು.

ಕರ್ವೆನಗರದಿಂದ ಕಾಲೇಜಿಗೆ ಸ್ಕೂಟರಿನಲ್ಲಿ ನಲವತ್ತು ನಿಮಿಷ. ಅವತ್ತು ಒಂದೂವರೆ ತಾಸು ಆಯಿತು. ಹೋಗಿ ನೋಡಿದರೆ ಫೈಲ್ ಸರ್ವರ್, ಲೈಬ್ರರಿ ಸರ್ವರ್, ಒಂದು ಲ್ಯಾಬಿನ ನಲವತ್ತು ಕಂಪ್ಯೂಟರ್ ಹೋಗಿದ್ದವು. ಫೀ ಮತ್ತು ಹಾಜರಾತಿಯ ಸಾಫ್ಟ್‌ವೇರ್ ಹೊರಗಿನ ಕ್ಲೌಡಿನಲ್ಲಿ ಇದ್ದದ್ದರಿಂದ ಅದು ಉಳಿದಿತ್ತು. ಬ್ಯಾಕಪ್ ಕೇಳಬೇಡಿ. ಬ್ಯಾಕಪ್ ಡಿಸ್ಕನ್ನು ಸರ್ವರಿಗೇ ಚುಚ್ಚಿಟ್ಟಿದ್ದೆವು. ಅದಕ್ಕೂ ಬಾಲ ಬಂದಿತ್ತು.

ಸರ್ವರಿನಲ್ಲಿ ಏನಿತ್ತು? ಪ್ರಶ್ನೆಪತ್ರಿಕೆಗಳ ಹಳೆಯ ಪ್ರತಿಗಳು, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಗೆ ತೋರಿಸುವ ಫೈಲುಗಳು, ಆಂತರಿಕ ಅಂಕಗಳು. ಇವಾದರೂ ಸರಿ. ಇನ್ನೊಂದು ಫೋಲ್ಡರ್ ಇತ್ತು. ಆರು ವರ್ಷದ ಅಡ್ಮಿಶನ್ನಿನ ಸ್ಕ್ಯಾನ್‌ಗಳು: ಆಧಾರ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಪ್ಪನ ಬ್ಯಾಂಕ್ ಪಾಸ್‌ಬುಕ್. ಯಾಕೆ ಇಟ್ಟುಕೊಂಡಿದ್ದೆವು ಅಂತ ಕೇಳಿದರೆ ಉತ್ತರ ಇಲ್ಲ. ಯಾರೂ ಅಳಿಸಿರಲಿಲ್ಲ, ಅಷ್ಟೇ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಿಸುವ ಮಾಸ್ಕ್ ಮಾಡಿದ ಆಧಾರ್ ಅಂತ ಒಂದು ಇದೆ, ಅದನ್ನು ತೆಗೆದುಕೊಂಡರೆ ಸಾಕಾಗುತ್ತಿತ್ತು. ನಮ್ಮ ಕೌಂಟರಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಈಗ ಗಡಿಯಾರದ ವಿಷಯ. ಸರ್ಟ್-ಇನ್ ಅಂದರೆ ದೇಶದ ಕಂಪ್ಯೂಟರ್ ತುರ್ತು ಸ್ಪಂದನೆ ತಂಡ. 2022ರ ಏಪ್ರಿಲ್ 28ರಂದು ಅದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಂಟು ಇಪ್ಪತ್ತಕ್ಕೆ ಮಾಮಾ ನೋಡಿದ್ದು. ಅಂದರೆ ಎರಡು ಇಪ್ಪತ್ತರವರೆಗೆ ಸಮಯ. ಪ್ರಾಂಶುಪಾಲರು ಬಂದರು. ಟ್ರಸ್ಟಿನ ಕಾರ್ಯದರ್ಶಿ ಪಾಲಖಿಯ ಪ್ರಸಾದ ಸೇವೆಯಲ್ಲಿ ನಿಂತಿದ್ದರು, ಫೋನಿನಲ್ಲಿ ತಾಳದ ಸದ್ದಿನ ನಡುವೆ ಮಾತಾಡಿದರು. "ನಾವು ಕಂಪನಿ ಅಲ್ಲವಲ್ಲ ಮೇಡಂ, ಕಾಲೇಜು. ಇದು ನಮಗೆ ಅನ್ವಯಿಸುತ್ತಾ? ಅಡ್ಮಿಶನ್ ಸೀಸನ್ ಬೇರೆ."

ಅವರ ಭಯ ಸುಳ್ಳಲ್ಲ. ಕ್ಯಾಪ್ ರೌಂಡ್, ಅಂದರೆ ಕೇಂದ್ರೀಕೃತ ಪ್ರವೇಶದ ಸುತ್ತು, ಶುರುವಾಗುವ ಹೊತ್ತು. ಪೇಪರಿನಲ್ಲಿ ಒಂದು ಸಾಲು ಬಂದರೆ ಪಾಲಕರು ಪಕ್ಕದ ಕಾಲೇಜಿಗೆ ಹೋಗುತ್ತಾರೆ. ಹಾಸನದ ಹುಡುಗ ಸ್ಪೀಕರಿನಲ್ಲೇ ಇದ್ದ. ಅವನು ವಾದಕ್ಕೆ ಹೋಗಲಿಲ್ಲ. "ಸರ್, ಕಳಿಸಿದ್ರೆ ನಷ್ಟ ಏನು? ಕಳಿಸದೆ ಇದ್ದು ಆಮೇಲೆ ಆ ಆಧಾರ್ ಪ್ರತಿಗಳು ಎಲ್ಲಾದ್ರೂ ಮಾರಾಟಕ್ಕೆ ಬಂದ್ರೆ?" ಅಂದ. ತಾಳದ ಸದ್ದು ಮಾತ್ರ ಕೇಳಿಸಿತು ಸ್ವಲ್ಪ ಹೊತ್ತು. ಒಂದು ಐವತ್ತಕ್ಕೆ ಮೇಲ್ ಕಳಿಸಿದೆವು. ಫಾರಂ ತುಂಬುವುದು ಕಷ್ಟವೇನಲ್ಲ. ಯಾವ ಯಂತ್ರ, ಯಾವ ಐಪಿ, ಯಾವಾಗ ಕಂಡಿತು, ಏನು ಮಾಡಿದಿರಿ. ಕಷ್ಟವಾದದ್ದು ಲಾಗ್, ಅಂದರೆ ಯಾರು ಯಾವಾಗ ಬಂದು ಹೋದರು ಅನ್ನುವ ದಾಖಲೆ, ಕೇಳಿದಾಗ. ಅದೇ ನಿರ್ದೇಶನದಲ್ಲಿ 180 ದಿನದ ಲಾಗ್ ಇಟ್ಟುಕೊಳ್ಳಬೇಕು ಅಂತಿದೆ. ನಮ್ಮ ಫೈರ್‌ವಾಲಿನಲ್ಲಿ ಇದ್ದದ್ದು ಏಳು ದಿನದ್ದು.

ಗಾಬರಿಯಲ್ಲಿ 1930ಕ್ಕೂ ಫೋನ್ ಮಾಡಿದ್ದೆ. ಖಾತೆಯಿಂದ ದುಡ್ಡು ಹೋದರೆ ತಕ್ಷಣ ತಡೆ ಹಿಡಿಸುವುದಕ್ಕೆ ಅದು ಬಹಳ ಉಪಯೋಗದ ನಂಬರು. ನಮ್ಮ ದುಡ್ಡು ಹೋಗಿರಲಿಲ್ಲ. ಸೈಬರ್ ಅಪರಾಧದ ಪೋರ್ಟಲಿನಲ್ಲಿ ದೂರು ಹಾಕಿ, ಮರುದಿನ ಠಾಣೆಗೆ ಹೋಗಿ ಬರೆದುಕೊಟ್ಟು ಬಂದೆವು.

ದಾಳಿಕೋರರ ಚೀಟಿ ಇಂಗ್ಲಿಷಿನಲ್ಲಿತ್ತು, ತುಂಬಾ ವಿನಯದ ಇಂಗ್ಲಿಷು. ಗುರುತು ಮರೆಸುವ ಟಾರ್ ಬ್ರೌಸರಿನಲ್ಲಿ ಬನ್ನಿ, ಮಾತಾಡೋಣ, ಎರಡು ಫೈಲ್ ಉಚಿತವಾಗಿ ತೆರೆದು ತೋರಿಸುತ್ತೇವೆ. ಸೀರೆ ಅಂಗಡಿಯವನು ಸೆರಗು ಬಿಡಿಸಿ ತೋರಿಸಿದ ಹಾಗೆ. ಕೊಡಬೇಕಾ ಬೇಡವಾ ಅನ್ನುವ ಮಾತು ಅವತ್ತು ಸಂಜೆ ಸಭೆಯಲ್ಲಿ ಬಂತು. ಪುಣೆಯವರಿಗೆ ಈ ಅಪಾಯ ಹೊಸದಲ್ಲ. 2018ರ ಆಗಸ್ಟಿನಲ್ಲಿ ಇಲ್ಲಿನ ಕಾಸ್ಮೋಸ್ ಬ್ಯಾಂಕಿನ ವ್ಯವಸ್ಥೆಗೆ ನುಗ್ಗಿ 28 ದೇಶಗಳ ಎಟಿಎಂಗಳಿಂದ ಹಣ ತೆಗೆದು ಒಟ್ಟು 94 ಕೋಟಿ ರೂಪಾಯಿ ಎಗರಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ "ಅದು ಬ್ಯಾಂಕು, ನಮ್ಮ ಹತ್ತಿರ ಏನಿದೆ" ಅಂತ ಒಬ್ಬ ಟ್ರಸ್ಟಿ ಕೇಳಿದರು.

ಹುಡುಗ ಸಂಜೆ ಏಳಕ್ಕೆ ಮಳೆಯಲ್ಲಿ ತೋಯ್ದು ಬಂದಿದ್ದ. ಅವನು ಹೇಳಿದ ಎರಡು ಕಥೆಗಳೇ ಸಭೆಯನ್ನು ತಿರುಗಿಸಿದ್ದು. ಒಂದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ್ದು. 2019ರ ಅಕ್ಟೋಬರಿನಲ್ಲಿ ಯಾರೋ ಒಂದು ಮೋಸದ ಮೇಲ್ ತೆರೆದರು. ಕಳ್ಳರು ಎರಡು ತಿಂಗಳು ಸುಮ್ನೆ ಒಳಗೇ ಓಡಾಡಿಕೊಂಡಿದ್ದರು. ಕ್ರಿಸ್‌ಮಸ್ ರಜೆಗೆ ಎಲ್ಲ ಹೊರಡುವ ಹೊತ್ತಿಗೆ, ಡಿಸೆಂಬರ್ 23ಕ್ಕೆ, ಬೀಗ ಹಾಕಿದರು. ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್ ಕೊಟ್ಟಿತು, ಆಗ ಸುಮಾರು 2 ಲಕ್ಷ ಯೂರೋ. ಆಮೇಲೆ ಪೊಲೀಸರು ಅದರಲ್ಲಿ ಒಂದು ಪಾಲನ್ನು ಪತ್ತೆ ಹಚ್ಚಿದರು. 2022ರಲ್ಲಿ ಅದು ವಾಪಸ್ ಬರುವ ಹೊತ್ತಿಗೆ ಬಿಟ್‌ಕಾಯಿನ್ ಬೆಲೆ ಏರಿ ಆ ಪಾಲೇ ಸುಮಾರು 5 ಲಕ್ಷ ಯೂರೋ ಆಗಿತ್ತು. ಇದನ್ನು ಕೇಳಿ ಖಜಾಂಚಿಯ ಕಣ್ಣು ಹೊಳೆದದ್ದು ನೋಡಿ ನಾನು ಮೇಜಿನ ಕೆಳಗೆ ಹುಡುಗನ ಕಾಲು ತುಳಿದೆ.

ಇನ್ನೊಂದು ಕಥೆ ಅಮೆರಿಕದ ಇಲಿನಾಯ್ಸಿನ ಲಿಂಕನ್ ಕಾಲೇಜಿನದು. 1865ರಲ್ಲಿ ಶುರುವಾದದ್ದು. ಕೋವಿಡ್‌ನಿಂದ ಮೊದಲೇ ಸೊರಗಿತ್ತು. 2021ರ ಡಿಸೆಂಬರಿನ ದಾಳಿಯಲ್ಲಿ ಅಡ್ಮಿಶನ್ ಲೆಕ್ಕವೇ ಕೈಗೆ ಸಿಗದ ಹಾಗಾಯಿತು. ತಿಂಗಳುಗಟ್ಟಲೆ ನಂತರ ಲೆಕ್ಕ ಸಿಕ್ಕಾಗ ಬರುವ ವಿದ್ಯಾರ್ಥಿಗಳು ತೀರಾ ಕಡಿಮೆ ಅಂತ ಗೊತ್ತಾಯಿತು. 2022ರ ಮೇನಲ್ಲಿ ಬಾಗಿಲು ಹಾಕಿದರು. ಕೊಟ್ಟರೂ ಎಲ್ಲ ಸರಿಹೋಗುತ್ತದೆ ಅಂತೇನಿಲ್ಲ ಅಂತ ಹುಡುಗ ಹೇಳಿದ. ಆ ಕಾಲೇಜೂ ಹಣ ಕೊಟ್ಟಿತ್ತು.

ಕೊಡಬಾರದು ಅಂತಾಯಿತು. ನೋ ಮೋರ್ ರಾನ್ಸಮ್ ಅಂತ ಒಂದು ಜಾಲತಾಣ ಇದೆ. ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ್ದು. ಬೀಗ ಬಿದ್ದ ಒಂದೆರಡು ಫೈಲನ್ನೂ ಚೀಟಿಯನ್ನೂ ಅಲ್ಲಿ ಹಾಕಿದರೆ ಯಾವ ಜಾತಿಯ ಕುತಂತ್ರಾಂಶ, ಅದಕ್ಕೆ ಕೀಲಿ ಸಿಕ್ಕಿದೆಯಾ ಅಂತ ಹೇಳುತ್ತದೆ, ಪುಕ್ಕಟೆಯಾಗಿ. ನಮ್ಮದಕ್ಕೆ ಕೀಲಿ ಇರಲಿಲ್ಲ.

ಅವತ್ತು ರಾತ್ರಿ ಕೂತು ನಾನು ಇನ್ನೊಂದು ಕೆಲಸ ಮಾಡಿದೆ. ನಮ್ಮಲ್ಲಿ ಎಂಒಯು ಫೈಲ್ ಅಂತ ಒಂದು ದಪ್ಪ ಫೈಲ್ ಇದೆ. ಉದ್ಯಮ ಮತ್ತು ಶಿಕ್ಷಣದ ಸಹಯೋಗ ಅಂತ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದಗಳು. ಮೂವತ್ತೇಳು. ಪ್ರತಿಯೊಂದಕ್ಕೂ ಶಾಲು, ಪೇಟಾ, ಗುಲಾಬಿ ಸಸಿ, ಫೋಟೋ. ನ್ಯಾಕ್ ತಂಡ ಬಂದಾಗ ಅದನ್ನು ಎತ್ತಿ ತೋರಿಸುವುದು ನನ್ನ ಕೆಲಸವೇ ಆಗಿತ್ತು. ಅದರಲ್ಲಿ ಐದು ಸೈಬರ್ ಭದ್ರತೆಯ ಹೆಸರಿನಲ್ಲೇ ಇದ್ದವು. ಐದು ಕಡೆಗೂ ಫೋನ್ ಮಾಡಿದೆ. ಇಬ್ಬರು ಎತ್ತಲಿಲ್ಲ. ಒಬ್ಬರು ಆ ಕಂಪನಿ ಬಿಟ್ಟು ವರ್ಷವಾಗಿತ್ತು. ಒಂದು ಕಡೆಯ ಎಚ್‌ಆರ್ ಹೆಣ್ಣುಮಗಳು ಪಾಪ, "ಮ್ಯಾಮ್, ನಮ್ಮ ಎಂಒಯು ಇಂಟರ್ನ್‌ಶಿಪ್ ಮತ್ತು ಪ್ಲೇಸ್‌ಮೆಂಟಿಗೆ ಮಾತ್ರ, ಬೇರೆಯದಕ್ಕೆ ಲೀಗಲ್ ಕೇಳಬೇಕು" ಅಂದಳು. ಇನ್ನೊಬ್ಬರು ಬೆಲೆಪಟ್ಟಿ ಕಳಿಸಿದರು. ಯಾವ ಕಾಗದವೂ ಇಲ್ಲದೆ ಬಂದು ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದವನು ರಾಜ್ಯೋತ್ಸವದ ಊಟದ ಪರಿಚಯದವನು. ಅವನ ಕಂಪನಿಗೂ ನಮಗೂ ಒಪ್ಪಂದ ಇರಲಿಲ್ಲ. ಅವನೂ ರಜೆ ಹಾಕಿ ಬಂದಿದ್ದ.

ಬುಧವಾರ ಮಧ್ಯಾಹ್ನ ಅವನು ಬಾಗಿಲು ಹುಡುಕಿದ. ಫೈಲ್ ಸರ್ವರಿನ ಒಳಗಿನ ದಾಖಲೆಯಲ್ಲಿ ಶನಿವಾರ ರಾತ್ರಿ ಒಂದು ಗಂಟೆಗೆ ಒಬ್ಬರು ದೂರದಿಂದ ಲಾಗಿನ್ ಆಗಿದ್ದರು. ಅಕೌಂಟಿನ ಹೆಸರು ಟ್ರೇನರ್. "ಅಕ್ಕ, ಇದು ಯಾರು?"

ನನಗೆ ಗೊತ್ತಿತ್ತು. 2021ರಲ್ಲಿ, ಕೋವಿಡ್ ಕಾಲದಲ್ಲಿ, ಒಂದು ಕಂಪನಿ ನಮ್ಮಲ್ಲಿ ಉದ್ಯಮ ಪ್ರಾಯೋಜಿತ ಲ್ಯಾಬ್ ತೆರೆದಿತ್ತು. ಕಾಲೇಜು ಮುಚ್ಚಿದ್ದರಿಂದ ತರಬೇತಿ ಕೊಡುವವರು ಮನೆಯಿಂದಲೇ ಲ್ಯಾಬಿನ ಕಂಪ್ಯೂಟರಿಗೆ ಬರಬೇಕಿತ್ತು. ಅದಕ್ಕಾಗಿ ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389ನೇ ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟೆವು. ಅದೇ ಪೋರ್ಟನ್ನು ಜಗತ್ತಿನ ತುಂಬ ಯಂತ್ರಗಳು ಹಗಲೂ ರಾತ್ರಿ ತಟ್ಟಿ ನೋಡುತ್ತಲೇ ಇರುತ್ತವೆ. ಪಾಸ್‌ವರ್ಡ್ ಕಾಲೇಜಿನ ಹೆಸರು, ಮುಂದೆ ಒಂದು ಎರಡು ಮೂರು. ಒಪ್ಪಂದ ಎರಡೇ ವರ್ಷದ್ದು, ಮುಗಿದಿತ್ತು. ತರಬೇತುದಾರ ಕೆಲಸ ಬಿಟ್ಟಿದ್ದ. ಲ್ಯಾಬಿನ ಬಾಗಿಲ ಮೇಲಿನ ಹಿತ್ತಾಳೆಯ ಫಲಕ ಮಾತ್ರ ಹೊಳೆಯುತ್ತಿತ್ತು, ಒಳಗೆ ಆ ಅಕೌಂಟೂ ಜೀವಂತ ಇತ್ತು.

ಅಷ್ಟರಲ್ಲೇ ನಿಂತಿದ್ದರೆ ನಾನು ಈ ಬರಹವನ್ನು ಸುಲಭವಾಗಿ ಬರೆಯಬಹುದಿತ್ತು. ಗುರುವಾರ ಮೂರನೇ ವರ್ಷದ ಒಬ್ಬ ಹುಡುಗ ನನ್ನ ಕ್ಯಾಬಿನ್ನಿಗೆ ಬಂದ. ಕೈಯಲ್ಲಿ ಫೋನು. "ಮ್ಯಾಮ್, ಫೆಬ್ರವರಿಯಲ್ಲಿ ನಿಮಗೆ ಒಂದು ಮೇಲ್ ಹಾಕಿದ್ದೆ."

ಹಾಕಿದ್ದ. ಹಾಸ್ಟೆಲಿನಿಂದ ಹೊರಗೆ, ಮೊಬೈಲ್ ಡೇಟಾದಲ್ಲಿ, ಕಾಲೇಜಿನ ವಿಳಾಸ ಹಾಕಿದರೆ ಲಾಗಿನ್ ಕಿಟಕಿ ಕಾಣುತ್ತದೆ ಅಂತ ಸ್ಕ್ರೀನ್‌ಶಾಟ್ ಸಮೇತ. ನಾನು ಓದಿದ್ದೆ. ಉತ್ತರವನ್ನೂ ಬರೆದಿದ್ದೆ: "ಅನುಮತಿ ಇಲ್ಲದೆ ಹೀಗೆಲ್ಲ ಮಾಡಬೇಡ, ಪರೀಕ್ಷೆಗೆ ಓದು." ಪ್ರಾಕ್ಟಿಕಲ್ ಪರೀಕ್ಷೆಗಳ ವಾರ ಅದು. ಆಮೇಲೆ ನೋಡೋಣ ಅಂತ ನಕ್ಷತ್ರ ಗುರುತು ಹಾಕಿಟ್ಟು ಮರೆತಿದ್ದೆ. ಐಟಿ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗುವುದು ತಪ್ಪು ಅಂತ ಇರುವುದು ನಿಜ. ಅವನು ನುಗ್ಗಿರಲಿಲ್ಲ. ಬಾಗಿಲು ತೆರೆದಿದೆ ಅಂತ ಬೀದಿಯಲ್ಲಿ ನಿಂತು ಹೇಳಿದ್ದ. ನಾನು ಅವನನ್ನೇ ಗದರಿದ್ದೆ.

ಆ ಮೇಲನ್ನು ಸಭೆಗೆ ತೋರಿಸಬೇಕೋ ಬೇಡವೋ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ತೋರಿಸಿದೆ. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿದರು, ಮಾತಾಡಲಿಲ್ಲ. ನನಗೆ ಮೆಮೊ ಬಂತು. ಬರಬೇಕಾದದ್ದೇ. ಫೈರ್‌ವಾಲ್ ನೋಟ್‌ಶೀಟ್ ಇಟ್ಟುಕೊಂಡವರಿಗೆ ಬರಲಿಲ್ಲ, ಅದು ಬೇರೆ ಮಾತು.

ಇನ್ನು ಮತ್ತೆ ಕಟ್ಟುವ ಕೆಲಸ. ಬ್ಯಾಕಪ್ ಇಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದೆವು. ಮಾಮಾ ಲ್ಯಾಬಿನ ಕಬ್ಬಿಣದ ಕಪಾಟು ತೆಗೆದು, ಹಳೆಯ ಮೌಸ್‌ಗಳ ಕೆಳಗಿನಿಂದ ಒಂದು ಹಾರ್ಡ್ ಡಿಸ್ಕ್ ತೆಗೆದರು. ಫೆಬ್ರವರಿ ಕೊನೆಯಲ್ಲಿ ನ್ಯಾಕ್ ತಂಡ ಬಂದಾಗ ನೆಟ್‌ವರ್ಕ್ ಕೈಕೊಟ್ಟರೆ ಅಂತ ಹೆದರಿ ನಾವೇ ಸರ್ವರಿನ ಪೂರ್ತಿ ಪ್ರತಿ ತೆಗೆದಿಟ್ಟಿದ್ದೆವು. ತಂಡ ಹೋದ ಮೇಲೆ ನನಗೆ ಅದರ ನೆನಪೇ ಇರಲಿಲ್ಲ. ನಾಲ್ಕು ತಿಂಗಳಷ್ಟು ಹಳೆಯದು. ಆದರೆ ಯಾವ ಕೇಬಲ್ಲಿಗೂ ಅಂಟಿಕೊಂಡಿರಲಿಲ್ಲ. ಅದಕ್ಕೇ ಉಳಿದಿತ್ತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಅಂತ ಒಂದು ಸೂತ್ರ ಇದೆ. ನಾನು ಕಲಿಸುತ್ತೇನೆ ಅದನ್ನು. ಕಪಾಟಿನಲ್ಲಿದ್ದ ಡಿಸ್ಕು ಸೂತ್ರದಿಂದ ಬಂದದ್ದಲ್ಲ, ನ್ಯಾಕ್ ಭಯದಿಂದ ಬಂದದ್ದು.

ಉಳಿದ ನಾಲ್ಕು ತಿಂಗಳನ್ನು ಮೇಲ್‌ಗಳಿಂದ, ವಾಟ್ಸಾಪ್ ಗುಂಪುಗಳಿಂದ, ವಿದ್ಯಾರ್ಥಿಗಳು ತೆಗೆದಿಟ್ಟ ಫೋಟೋಗಳಿಂದ ಜೋಡಿಸಿದೆವು. ಹಿರಿಯ ಮೇಷ್ಟ್ರೊಬ್ಬರು ಅಂಕಗಳನ್ನು ಇನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ ಅಂತ ನಾವೆಲ್ಲ ನಗುತ್ತಿದ್ದೆವು. ಆ ಎರಡು ವಾರ ಅವರು ಕ್ಯಾಂಟೀನಿನಲ್ಲಿ ಬಹಳ ಗಂಭೀರವಾಗಿ ಚಹಾ ಕುಡಿದರು.

ಕೆಲಸ ಒಂದು ಹಂತಕ್ಕೆ ಬಂತು ಅನ್ನುವಾಗ ಜುಲೈ 19. ವಿಮಾನ ನಿಲ್ದಾಣಗಳಲ್ಲಿ, ಬ್ಯಾಂಕುಗಳಲ್ಲಿ ನೀಲಿ ಪರದೆ ಅಂತ ಟಿವಿಯಲ್ಲಿ ಬಂತು. ಕಾರ್ಯದರ್ಶಿ ಓಡಿಬಂದರು, "ಮತ್ತೆ ಬಂತಾ?" ನಮಗೇನೂ ಆಗಿರಲಿಲ್ಲ. ಅದು ದಾಳಿಯೇ ಅಲ್ಲ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಿದ್ದವು. ಹಾಸನದ ಹುಡುಗ ಮೂರು ದಿನ ಫೋನಿಗೆ ಸಿಗಲಿಲ್ಲ. ಕಾಯುವವನನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅಂತ ಆ ವಾರ ಸ್ಟಾಫ್‌ರೂಮಿನಲ್ಲಿ ಜೋರು ಚರ್ಚೆ ನಡೆಯಿತು.

ಆಗಸ್ಟಿನಲ್ಲಿ ಸರ್ಟ್-ಇನ್ ಪಟ್ಟಿಯಲ್ಲಿರುವ ಒಬ್ಬ ಆಡಿಟರನ್ನು ಕರೆಸಿದೆವು. ಅವರು ಎರಡು ದಿನದಲ್ಲಿ ತೆಗೆದ ತಪ್ಪುಗಳನ್ನು ಹೇಳಿದರೆ ನಾಚಿಕೆ. ಸಿಸಿಟಿವಿ ರೆಕಾರ್ಡರಿಗೆ ಪೆಟ್ಟಿಗೆಯಲ್ಲಿ ಬಂದಾಗಿನ ಪಾಸ್‌ವರ್ಡೇ ಇತ್ತು. 2017ರ ಟೆಕ್‌ಫೆಸ್ಟಿನ ವೆಬ್‌ಸೈಟ್ ಇನ್ನೂ ಓಡುತ್ತಿತ್ತು. ಪರೀಕ್ಷಾ ವಿಭಾಗದ ಏಳು ಜನಕ್ಕೆ ಒಂದೇ ಜಿಮೇಲ್. ಕ್ಯಾಂಟೀನಿನ ಶೆಟ್ರು ಸ್ಟಾಫ್ ವೈಫೈ ಪಾಸ್‌ವರ್ಡನ್ನು ಮೆನು ಬೋರ್ಡಿನ ಮೇಲೆ, ಇಡ್ಲಿ ವಡೆಯ ಕೆಳಗೆ, ಚಾಕ್‌ನಲ್ಲಿ ಬರೆದಿದ್ದರು. ಕೇಳಿದರೆ, "ಮಕ್ಕಳು ಬಂದು ಬಂದು ಕೇಳ್ತಾರಲ್ಲ ಮೇಡಂ, ಎಷ್ಟು ಸಲ ಹೇಳುದು?" ಅಂದರು. ಕುಂದಾಪುರದವರು. ಅವರಿಗೆ ಪಾಸ್‌ವರ್ಡ್ ಹೇಳಿದ್ದು ನಮ್ಮ ರಜಿಸ್ಟ್ರಾರೇ.

ನನ್ನ ತಲೆಯಲ್ಲಿ ಮಾತ್ರ ಕೊರೆಯುತ್ತಿದ್ದದ್ದು ಎಂಒಯು ಫೈಲು. ನಾವು ಉದ್ಯಮದವರನ್ನು ಒಳಗೆ ಕರೆದೆವು, ಅದು ತಪ್ಪಲ್ಲ. ಹಾಗೆ ಕರೆಯದೆ ಇದ್ದರೆ ನಮ್ಮ ಮಕ್ಕಳು ಪುಸ್ತಕದ ಭದ್ರತೆಯನ್ನೇ ಓದಿ ಹೋಗುತ್ತಾರೆ. ಆದರೆ ಕರೆದವರಿಗೆ ಕೀಲಿ ಕೊಟ್ಟೆವು, ವಾಪಸ್ ಕೇಳಲಿಲ್ಲ. ಅವರೂ ಕೊಡಲಿಲ್ಲ. ಒಪ್ಪಂದದ ಎಂಟು ಪುಟದಲ್ಲಿ ಲೋಗೋ ಎಷ್ಟು ದೊಡ್ಡದಿರಬೇಕು ಅಂತ ಇತ್ತು, ಅಕೌಂಟ್ ಯಾವಾಗ ಮುಚ್ಚಬೇಕು ಅಂತ ಇರಲಿಲ್ಲ. ಮನೆ ಬಾಡಿಗೆಗೆ ಕೊಡುವಾಗಲೂ ನಾವು ಇಷ್ಟು ಅಸಡ್ಡೆ ಮಾಡುವುದಿಲ್ಲ.

ಹಾಗಾಗಿ ಎರಡೇ ಎರಡು ಹೊಸ ಮಾತು ಸೇರಿಸಿ ಒಪ್ಪಂದವನ್ನು ತಿದ್ದಿದೆ. ಹೊರಗಿನವರಿಗೆ ಕೊಡುವ ಪ್ರತಿ ಅಕೌಂಟೂ ಒಬ್ಬ ಮನುಷ್ಯನ ಹೆಸರಿನಲ್ಲಿ ಇರಬೇಕು, ಮುಗಿಯುವ ತಾರೀಕು ಇರಬೇಕು, ನಮ್ಮಲ್ಲಿ ಒಬ್ಬರು ಅದಕ್ಕೆ ಸಹಿ ಹಾಕಬೇಕು. ತಾರೀಕು ಬಂದರೆ ತಾನಾಗೇ ಮುಚ್ಚಬೇಕು. ಎರಡನೆಯದು, ಏನಾದರೂ ಆದಾಗ ಯಾರಿಗೆ ಫೋನ್ ಮಾಡಬೇಕು, ಅವರು ಬರಬಹುದಾ, ಎಷ್ಟು ತಾಸು. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ಕಂಪನಿಗಳ ಲೀಗಲ್ ವಿಭಾಗಗಳು ಮೂರು ತಿಂಗಳು ತೆಗೆದುಕೊಂಡವು. ನಮ್ಮ ಎಂಜಿನಿಯರ್ ಬಂದು ಕೈಹಾಕಿ ಇನ್ನೇನಾದರೂ ಹಾಳಾದರೆ ಯಾರ ತಲೆಗೆ? ನ್ಯಾಯವಾದ ಪ್ರಶ್ನೆಯೇ. ಅವರಿಗೆ ಹೊಣೆಯ ಭಯ, ನಮಗೆ ಹೆಸರಿನ ಭಯ. ಕೊನೆಗೆ ಇಬ್ಬರು ಸಹಿ ಹಾಕಿದರು. ಮೂವತ್ತೇಳರಲ್ಲಿ ಎರಡು. ಫೋಟೋ ತೆಗೆಯಲಿಲ್ಲ, ಶಾಲೂ ಇಲ್ಲ. ಶೆಟ್ರ ಫಿಲ್ಟರ್ ಕಾಫಿ ಕುಡಿದು ಹೋದರು.

ಹಾಸನದ ಹುಡುಗನನ್ನು ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಮಾಡಿಕೊಳ್ಳೋಣ ಅಂತ ನನ್ನ ಆಸೆ. ಪಿಎಚ್‌ಡಿ ಇಲ್ಲದಿದ್ದರೂ ಕೆಲಸದ ಅನುಭವ ಇರುವವರನ್ನು ಪಾಠಕ್ಕೆ ತೆಗೆದುಕೊಳ್ಳಲು 2022ರಲ್ಲಿ ಯುಜಿಸಿ ಕೊಟ್ಟ ದಾರಿ ಅದು, ಮಂಜೂರಾದ ಹುದ್ದೆಗಳ ಶೇ 10ರವರೆಗೆ. ಆದರೆ 15 ವರ್ಷದ ಅನುಭವ ಬೇಕು. ಅವನಿಗೆ ಹನ್ನೊಂದು. "ಇನ್ನು ನಾಲ್ಕು ವರ್ಷ ಯಾರೂ ದಾಳಿ ಮಾಡದೆ ಇರ್ಲಿ ಅಕ್ಕ, ಆಮೇಲೆ ಬರ್ತೀನಿ" ಅಂದ. ಅಲ್ಲಿಯವರೆಗೆ ತಿಂಗಳಿಗೊಂದು ಶನಿವಾರ ಬರುತ್ತಾನೆ. ನಮ್ಮದೇ ಘಟನೆಯನ್ನು ಹೆಸರುಗಳನ್ನು ಅಳಿಸಿ ಮಕ್ಕಳ ಮುಂದೆ ಇಡುತ್ತಾನೆ. ಒಬ್ಬರು ಪ್ರಾಂಶುಪಾಲ, ಒಬ್ಬರು ಕಾರ್ಯದರ್ಶಿ, ಒಬ್ಬರು ನೆಟ್‌ವರ್ಕ್ ಇನ್‌ಚಾರ್ಜ್. ಗಡಿಯಾರ ಓಡುತ್ತದೆ, ಆರು ತಾಸನ್ನು ಅರವತ್ತು ನಿಮಿಷಕ್ಕೆ ಇಳಿಸಿ. ಕಾರ್ಯದರ್ಶಿಯ ಪಾತ್ರಕ್ಕೆ ಯಾವಾಗಲೂ ಜಗಳ. ಫೆಬ್ರವರಿಯ ಮೇಲ್ ಬರೆದ ಹುಡುಗ ಈಗ ಆ ತಂಡವನ್ನು ನಡೆಸುತ್ತಾನೆ. ದೋಷ ಕಂಡರೆ ಎಲ್ಲಿಗೆ ಬರೆಯಬೇಕು, ಏನು ಮುಟ್ಟಬಹುದು, ಏನು ಮುಟ್ಟಬಾರದು ಅಂತ ಒಂದು ಪುಟದ ಲಿಖಿತ ಅನುಮತಿ ಕೊಟ್ಟಿದ್ದೇವೆ. ಅದರ ಮೊದಲ ಕರಡನ್ನು ಅವನೇ ಬರೆದ. ನನ್ನನ್ನು ಅವನು ಕ್ಷಮಿಸಿದ್ದಾನೋ ಇಲ್ಲವೋ, ಕೇಳಿಲ್ಲ.

ಅಡ್ಮಿಶನ್ ಕೌಂಟರಿನಲ್ಲಿ ಈಗ ಮಾಸ್ಕ್ ಮಾಡಿದ ಆಧಾರನ್ನೇ ಕೇಳುತ್ತಾರೆ. ಹಳೆಯ ಫೋಲ್ಡರನ್ನು ಅಳಿಸುವಾಗ ರಜಿಸ್ಟ್ರಾರ್ ಕೈ ನಡುಗಿತು, "ಯಾರಾದರೂ ಕೇಳಿದರೆ?" ಅಂತ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಅಂತ ಹೇಳಿದ ಮೇಲೆ ಅವರೇ ಡಿಲೀಟ್ ಒತ್ತಿದರು.

ಬ್ಯಾಕಪ್ ಕೆಲಸ ಮಾಮಾನದು. ಎರಡು ಡಿಸ್ಕು. ಪ್ರತಿ ಶುಕ್ರವಾರ ಒಂದನ್ನು ಚುಚ್ಚಿ, ಪ್ರತಿ ತೆಗೆದು, ಕಿತ್ತು, ಪೇಠೆಯಲ್ಲಿರುವ ಟ್ರಸ್ಟಿನ ಕಚೇರಿಯ ತಿಜೋರಿಗೆ ಒಯ್ಯುವುದು. ಅಲ್ಲಿದ್ದದ್ದನ್ನು ವಾಪಸ್ ತರುವುದು. ಒಂದು ರಿಜಿಸ್ಟರ್ ಬರೆಯಬೇಕು ಅಂತ ನಾನೇ ಹೇಳಿದ್ದೆ, ಯಾವ ಭಾಷೆಯಲ್ಲಿ ಅಂತ ಹೇಳಿರಲಿಲ್ಲ. ಮರುವರ್ಷ ಆಡಿಟರ್ ಮತ್ತೆ ಬಂದಾಗ ಬ್ಯಾಕಪ್ ದಾಖಲೆ ಕೇಳಿದರು. ಮಾಮಾ ಉದ್ದನೆಯ ಕೆಂಪು ಬೈಂಡಿನ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಪೂರ್ತಿ ಕನ್ನಡ. ದುಂಡಗಿನ ಶಾಲೆಯ ಅಕ್ಷರ. ಆಡಿಟರ್ ರಜಿಸ್ಟ್ರಾರ್ ಮುಖ ನೋಡಿದರು. ರಜಿಸ್ಟ್ರಾರ್ "ಹೇ ತರ್ ಕಾನಡೀ ಆಹೇ" ಅಂತ ನನ್ನ ಮುಖ ನೋಡಿದರು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಅನುವಾದ ಮಾಡಿದೆ. ತಾರೀಕು, ಡಿಸ್ಕ್ ಒಂದು, ತಿಜೋರಿಗೆ ಕೊಟ್ಟೆ. ತಾರೀಕು, ಡಿಸ್ಕ್ ಎರಡು, ತಿಜೋರಿಗೆ ಕೊಟ್ಟೆ. ಐವತ್ತು ವಾರ ಒಂದೂ ತಪ್ಪಿರಲಿಲ್ಲ. ಜೂನ್ ತಿಂಗಳ ಒಂದು ಸಾಲಿಗೆ ಬಂದು ನಿಂತೆ. ಆ ವಾರ ನಾನು ಧಾರವಾಡಕ್ಕೆ ಹೋಗಿದ್ದೆ.

"ಏನು ಬರೆದಿದ್ದಾರೆ?" ಆಡಿಟರ್ ಕೇಳಿದರು.

ಓದಿದೆ. "ಪಾಲಖಿ ಬಂದದ. ಮೇಡಮ್ಮಾರು ಊರಿಗೆ. ಹೊರಗಿನವರ ಲ್ಯಾಬಿನ ಕೇಬಲ್ ನಾನಽ ಕಿತ್ತು ಮನ್ಯಾಗ ಇಟ್ಟೇನಿ. ಮಂಗಳವಾರ ಹಚ್ತೇನಿ."